ಬಿದ್ದ ಹಿತ್ತಾಳೆಯ ಲೆಕ್ಕ

ಗುಂಡು ಹಾರಿತು, ಉಕ್ಕಿನ ಗುರಿ ಠಣ್ಣೆಂದಿತು, ನೋಡುವವರು ಚಪ್ಪಾಳೆ ತಟ್ಟಿದರು. ಆಟ ಅಲ್ಲಿಗೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆಡಿದವನ ಕಣ್ಣು ಮಾತ್ರ ನೆಲದ ಮೇಲಿರುತ್ತದೆ. ಅಲ್ಲಿ ಅವನ ಹಣ ಬಿದ್ದಿದೆ!

ಅಮೆರಿಕದ ಕೌಬಾಯ್ ಗುಂಡುಹಾರಿಕೆಯ ಪಂದ್ಯಗಳ ಮಾತಿದು. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಈ ಕ್ರೀಡೆಗೆ 1987ರಲ್ಲಿ 'ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ' ಎಂಬ ಸಂಸ್ಥೆಯೇ ಸ್ಥಾಪಿತವಾಯಿತು. ಹತ್ತೊಂಬತ್ತನೆಯ ಶತಮಾನದ ಉಡುಪು ತೊಟ್ಟು, ಸ್ವಂತ ಹೆಸರನ್ನು ಬದಿಗಿಟ್ಟು, ಗತಕಾಲಕ್ಕೊಪ್ಪುವ ಅಡ್ಡಹೆಸರೊಂದನ್ನು ಧರಿಸಿ ಕಣಕ್ಕಿಳಿಯುವುದು ಇಲ್ಲಿನ ಪದ್ಧತಿ. ಆಯುಧಗಳೂ ಆ ಕಾಲದ ಮಾದರಿಯವೇ: ಎರಡು ರಿವಾಲ್ವರುಗಳು, ಸನ್ನೆ ಎಳೆದು ತೋಟಾ ತುಂಬುವ ಒಂದು ರೈಫಲು, ಒಂದು ಶಾಟ್‌ಗನ್. ಕೋಲ್ಟ್ ಕಂಪನಿಯ ಹೆಸರಾಂತ ರಿವಾಲ್ವರಿಗೂ ವಿಂಚೆಸ್ಟರ್ ರೈಫಲಿಗೂ 1873ರ ಇಸವಿಯೇ ಗುರುತಾಗಿರುವುದು ಈ ಮಂದಿಗೆ ಬಾಯಿಪಾಠ.

ಸಾಮಾನ್ಯವಾಗಿ ಒಂದು ಸುತ್ತಿಗೆ ರಿವಾಲ್ವರುಗಳಿಂದ ಹತ್ತು, ರೈಫಲಿನಿಂದ ಹತ್ತು ಗುಂಡು. ಗುರಿ ತಪ್ಪಿದರೆ ಐದು ಸೆಕೆಂಡಿನ ದಂಡ. ರಿವಾಲ್ವರು ತನ್ನ ಖಾಲಿ ತೋಟಾಗಳನ್ನು ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತದೆ. ಆಮೇಲೆ ಮೇಜಿನ ಬಳಿ ನಿಧಾನವಾಗಿ ತೆಗೆದುಕೊಳ್ಳಬಹುದು. ತಂಟೆಯೆಲ್ಲ ರೈಫಲಿನದು. ಸನ್ನೆ ಎಳೆದಾಗಲೆಲ್ಲ ಹಿತ್ತಾಳೆಯ ಕೋಶವೊಂದು ಬಿಸಿಲಿನಲ್ಲಿ ಮಿಂಚಿ ಹುಲ್ಲಿನೊಳಗೋ ಜಲ್ಲಿಯೊಳಗೋ ಅಡಗುತ್ತದೆ. ಗಡಿಯಾರ ಹಿಡಿಯುವವನೊಬ್ಬ, ತಪ್ಪಿದ ಗುರಿಗಳನ್ನು ಎಣಿಸುವವರು ಮೂವರು ಎಂಬಂತೆ ತಂಡದಲ್ಲಿ ಹಿತ್ತಾಳೆ ಆಯುವವರೂ ಉಂಟು. ಆದರೆ ಆಯುಧಗಳೆಲ್ಲ ಸುರಕ್ಷಿತವೆಂದು ಅಧಿಕಾರಿ ಸಾರುವ ತನಕ ಯಾರೂ ಮುಂದಡಿಯಿಡುವಂತಿಲ್ಲ. ಹತ್ತು ಚಿಪ್ಪುಗಳ ಆಸೆಗೆ ಪ್ರಾಣ ಪಣವಲ್ಲವಷ್ಟೆ!

ಇಷ್ಟೊಂದು ಆಸೆಯಾದರೂ ಏತಕ್ಕೆ? ತೋಟಾದಲ್ಲಿ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕಿಡಿ ಹೊತ್ತಿಸುವ ಪ್ರೈಮರೂ ಮುಗಿಯುತ್ತದೆ. ಎಲ್ಲಕ್ಕಿಂತ ಬೆಲೆಯುಳ್ಳ ಭಾಗವಾದ ಹಿತ್ತಾಳೆಯ ಕೋಶ ಮಾತ್ರ ಉಳಿಯುತ್ತದೆ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಅದನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರು, ಮದ್ದು, ಗುಂಡುಗಳನ್ನು ಕೂಡಿಸಿ, ಬಾಯಿ ಸೀಳುವವರೆಗೆ ಹಲವಾರು ಬಾರಿ ಬಳಸಬಹುದು. ಆದುದರಿಂದಲೇ ಹಲವರು ತಮ್ಮ ತೋಟಾಗಳ ತಳಕ್ಕೆ ಬಣ್ಣದ ಗುರುತು ಹಾಕಿರುತ್ತಾರೆ. ಪಾತ್ರೆಯ ಕಂಠದಲ್ಲಿ ಹೆಸರು ಕೊರೆಸುವ ನಮ್ಮ ಗೃಹಿಣಿಯರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ನಿಯಮವೂ ಒಂದುಂಟು. ದೊಡ್ಡ ಪಂದ್ಯಗಳಲ್ಲಿ ಬಿದ್ದ ಹಿತ್ತಾಳೆಯನ್ನು ಮುಟ್ಟಬಾರದೆಂದು ಮೊದಲೇ ಸಾರಿಬಿಡುತ್ತಾರೆ. ನೂರಾರು ಮಂದಿಯಿರುವಲ್ಲಿ ಪ್ರತಿಯೊಬ್ಬರ ಹತ್ತು ಚಿಪ್ಪುಗಳಿಗಾಗಿ ಆಟ ನಿಂತರೆ ಸೂರ್ಯಾಸ್ತವಾದರೂ ಮುಗಿಯದು. ನಿಯಮ ನ್ಯಾಯವಾದುದೇ. ಆದರೂ ಕೊಟ್ಟು ಕೊಂಡದ್ದನ್ನು ಬಿಟ್ಟುಬರುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅನೇಕರು ಅಂಥ ಪಂದ್ಯಕ್ಕೆಂದೇ ಹಳೆಯ, ಸವೆದ ತೋಟಾಗಳನ್ನು ಕೂಡಿಟ್ಟುಕೊಂಡು ಹೋಗುತ್ತಾರೆ. ಜಾಣತನವೆಂದರೆ ಅದು.

ಮನೆಗೆ ತಂದ ಮೇಲಿನ ಕೆಲಸವೂ ಸಣ್ಣದಲ್ಲ. ಮೊದಲನೆಯದು ವಿಂಗಡಣೆ. .38 ಸ್ಪೆಷಲ್ ಮತ್ತು .357 ಮ್ಯಾಗ್ನಂ ಎಂಬೆರಡು ಬಗೆಗಳು ಅವಳಿಜವಳಿಗಳಂತಿರುತ್ತವೆ. ಉದ್ದದಲ್ಲಿ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಮಾತ್ರ ವ್ಯತ್ಯಾಸ. ಇವೆರಡನ್ನು ಬೆರಸಿದವನು ತುಂಬುವಾಗ ಪಶ್ಚಾತ್ತಾಪಪಡುತ್ತಾನೆ. ಹಳೆಯ ಬಗೆಯ ಕಪ್ಪು ಮದ್ದನ್ನು ಬಳಸಿದ್ದರೆ ಆ ಸಂಜೆಯೇ ಸಾಬೂನು ನೀರಿನಲ್ಲಿ ನೆನೆಹಾಕಬೇಕು. ಅದರ ಮಸಿ ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. ಹೊಳಪಿಗೆಂದು ಜೋಳದ ದಿಂಡಿನ ನುಚ್ಚಿನೊಡನೆ ಯಂತ್ರದಲ್ಲಿ ಕುಲುಕುವುದುಂಟು. ಕೆಲವರು ನೀರಿಗೆ ಸಿಟ್ರಿಕ್ ಆಮ್ಲ ಬೆರಸುತ್ತಾರೆ. ನಮ್ಮಲ್ಲಿ ಹುಣಿಸೆಹಣ್ಣು ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆ. ಪ್ರೈಮರು ಉರಿದು ಉಳಿಯುವ ಮಸಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಕುಲುಕಿದ ನುಚ್ಚಿನ ಧೂಳಿನಲ್ಲಿಯೂ ಅದೇ. ಸೀಸ ಮಕ್ಕಳ ಮೆದುಳಿಗೆ ವಿಷ. ಇಂಥ ಧೂಳನ್ನು ಮನೆಯೊಳಗೆ ಜರಡಿ ಹಿಡಿಯಬಾರದು, ಅಡಿಗೆಯ ಪಾತ್ರೆಯಲ್ಲಿ ತೋಟಾ ತೊಳೆಯಬಾರದು. ಆಯ್ದ ಕೈಯನ್ನು ತೊಳೆಯದೆ ತಿಂಡಿ ಮುಟ್ಟಬಾರದು. ಮಗುವನ್ನು ಚಿಪ್ಪು ಹೆಕ್ಕಲು ಓಡಿಸುವ ತಂದೆ ಇದನ್ನು ಮರೆಯಕೂಡದು.

ತೊಳೆದುದು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಮುಚ್ಚಳ. ಜೊತೆಗೆ ಅಮೋನಿಯ ಬೆರೆತ ಮೆರುಗೆಣ್ಣೆಯನ್ನು ಹತ್ತಿರ ಸುಳಿಯಗೊಡಬಾರದು. ಈ ಪಾಠವನ್ನು ಜಗತ್ತು ಕಲಿತುದು ನಮ್ಮ ದೇಶದಲ್ಲಿ! ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ದಾಸ್ತಾನಿಟ್ಟ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಮಳೆಗಾಲದ ಬಿರುಕೆಂದು ಅದಕ್ಕೆ ಹೆಸರಾಯಿತು. ಕುದುರೆಯ ಮೂತ್ರದಿಂದೇಳುವ ಅಮೋನಿಯವೂ ಲೋಹದೊಳಗೆ ಉಳಿದಿದ್ದ ಬಿಗಿತವೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ತಿಳಿಯಿತು.

ಇನ್ನು ಯಾರೂ ತಮ್ಮದೆನ್ನದ ಚಿಪ್ಪುಗಳು ಬಕೆಟಿನಲ್ಲಿ ಉಳಿಯುತ್ತವೆ. ಗುಜರಿಗೆ ಹಾಕುವ ಮುನ್ನ ಅವನ್ನು ಒಂದೊಂದಾಗಿ ನೋಡಬೇಕು. ಹಾರದೆ ಉಳಿದ ಜೀವಂತ ತೋಟಾ ಒಂದಾದರೂ ನಡುವೆ ಸೇರಿರುವುದುಂಟು.