ರೂಸೋನನ್ನು ಸಾಕ್ಷಿಗೆ ಕರೆಯುವ ಮುನ್ನ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಲು ನಿರ್ಧರಿಸಿರುವುದಾಗಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಚೆಗೆ ಪತ್ರ ಬರೆದಿದ್ದಾರೆ. ನಮ್ಮ ಕಾಲದಲ್ಲಿ ‘ಮನೆಪಾಠ’ವೆಂದರೆ ಸಂಜೆ ಮೇಷ್ಟ್ರ ಮನೆಯ ಜಗುಲಿಯಲ್ಲಿ ಕುಳಿತು ಲೆಕ್ಕ ಹೇಳಿಸಿಕೊಳ್ಳುವುದು. ಇವರದು ಅದಲ್ಲ, ‘ಹೋಂಸ್ಕೂಲಿಂಗ್’. ಶಾಲೆಗಳ ಮೇಲೆ ಅವರು ಹೊರಿಸುವ ಆರೋಪಗಳನ್ನು ನಾನು ಅಲ್ಲಗಳೆಯಲಾರೆ. ಶುಲ್ಕ, ಅಂಕಗಳ ಹುಚ್ಚು, ಚೀಲದ ಭಾರ ಎಲ್ಲವೂ ನಿಜ. ಆದರೆ ಪ್ರತಿ ಪತ್ರದಲ್ಲೂ ರೂಸೋ ಸಾಕ್ಷಿಯಾಗಿ ಬಂದು ನಿಲ್ಲುತ್ತಾನಲ್ಲ, ಅಲ್ಲಿ ನನ್ನ ತಕರಾರು. ಬಹುತೇಕ ಅವನು ನಮ್ಮ ಬಿ.ಎಡ್. ನೋಟ್ಸಿನ ರೂಸೋ, ಐದು ಅಂಕದ ಪ್ರಶ್ನೆಯ ರೂಸೋ! ಅವನ ಹೆಸರು ಹೇಳಿ ಒಂದು ಮಗುವಿನಿಂದ ಓರಗೆಯ ಮಕ್ಕಳ ಒಡನಾಟವನ್ನು ಕಸಿದುಕೊಳ್ಳುವುದಾದರೆ ಸುಮ್ಮನಿರುವುದು ನನ್ನಿಂದಾಗದು.

1762ರಲ್ಲಿ ಪ್ರಕಟವಾದ ‘ಎಮಿಲ್’ ಅನ್ನು ಆದಿಯಿಂದ ಅಂತ್ಯದವರೆಗೆ ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆ ಹುಡುಗನನ್ನು ಬೆಳೆಸುವವರು ತಂದೆತಾಯಿಗಳಲ್ಲ. ಬೇರೆ ಯಾವ ಉದ್ಯೋಗವೂ ಇಲ್ಲದ, ಬೇರೆ ಯಾವ ಶಿಷ್ಯನೂ ಇಲ್ಲದ ಒಬ್ಬ ಗುರು. ಹುಡುಗ ಶ್ರೀಮಂತ, ಆರೋಗ್ಯವಂತ, ಸಾಲದ್ದಕ್ಕೆ ಅನಾಥ. ಶೈಶವದಿಂದ ಮದುವೆಯವರೆಗೆ ಗುರು ಅವನ ನೆರಳಿನಂತಿರುತ್ತಾನೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಸಂಜೆ ಮುಚ್ಚುವ ತಂದೆಗೂ, ಆ ನಡುವೆ ಅಡುಗೆಯನ್ನೂ ಅತ್ತೆ ಮಾವಂದಿರನ್ನೂ ನೋಡಿಕೊಳ್ಳುವ ತಾಯಿಗೂ ಈ ಗ್ರಂಥ ಯಾವ ಲೆಕ್ಕದಲ್ಲಿ ಮಾರ್ಗದರ್ಶಿ?

ಅಲ್ಲಿರುವ ‘ಸ್ವಾತಂತ್ರ್ಯ’ವಾದರೂ ಎಂಥದು? ಎಮಿಲ್ ಬೀನ್ಸ್ ಬೀಜ ಬಿತ್ತುತ್ತಾನೆ, ದಿನವೂ ನೀರೆರೆಯುತ್ತಾನೆ. ಒಂದು ದಿನ ನೋಡಿದರೆ ಗಿಡಗಳೆಲ್ಲ ಕಿತ್ತುಹೋಗಿವೆ. ಅದು ತೋಟಗಾರ ರಾಬರ್ಟನ ನೆಲ, ಅಲ್ಲಿ ಅವನು ಮೊದಲೇ ಕರಬೂಜದ ಬೀಜ ಹಾಕಿದ್ದ! ಸ್ವತ್ತು ಎಂದರೇನು ಎಂಬುದನ್ನು ಹುಡುಗನಿಗೆ ತಿಳಿಸಲು ಗುರು ಹೂಡಿದ ಪ್ರಸಂಗವಿದು. ಇಂಥವು ಪುಸ್ತಕದ ತುಂಬ ಇವೆ. ಮಗು ತಾನಾಗಿಯೇ ಕಲಿಯಿತು ಎನ್ನಿಸುವುದಕ್ಕೆ ತೆರೆಯ ಹಿಂದೆ ಸೂತ್ರ ಹಿಡಿದವನೊಬ್ಬ ಸದಾ ಎಚ್ಚರವಾಗಿರಬೇಕು. ಬರೆದವನು ತನ್ನ ಐವರು ಮಕ್ಕಳನ್ನೂ ಪ್ಯಾರಿಸ್ಸಿನ ಅನಾಥಾಲಯಕ್ಕೆ ಒಪ್ಪಿಸಿದ್ದನೆಂಬುದನ್ನು ನಾನು ವಾದಕ್ಕೆ ಬಳಸುವುದಿಲ್ಲ. ಬದುಕು ಬೇರೆ, ಬರಹ ಬೇರೆ. ಆದರೆ ಹೆಣ್ಣುಮಕ್ಕಳ ತಂದೆಯರು ಐದನೆಯ ಭಾಗವನ್ನು ಓದದೆ ರೂಸೋನ ಹೆಸರೆತ್ತಬಾರದು. ಅಲ್ಲಿ ಸೋಫಿಗೆ ಸಿಗುವ ಶಿಕ್ಷಣದ ಗುರಿ ಗಂಡನನ್ನು ಸಂತೋಷಪಡಿಸುವುದು.

ಇನ್ನೂ ಒಂದು ಮಾತಿದೆ. ಇದೇ ರೂಸೋ 1770ರ ದಶಕದ ಆರಂಭದಲ್ಲಿ ಪೋಲೆಂಡಿನ ಆಡಳಿತದ ಬಗ್ಗೆ ಸಲಹೆಗಳನ್ನು ಬರೆದ. ಮಕ್ಕಳು ಬೇರೆ ಬೇರೆಯಾಗಿ ತಮಗೆ ತೋಚಿದಂತೆ ಆಡಕೂಡದು, ಎಲ್ಲರೂ ಕೂಡಿ ಬಯಲಿನಲ್ಲಿ, ಜನರೆದುರು ಆಡಬೇಕೆಂಬುದು ಅಲ್ಲಿಯ ಅಭಿಪ್ರಾಯ. ಮನೆಯಲ್ಲಿ ಓದಿಸುವವರೂ ಆಟಕ್ಕೆ ಮಕ್ಕಳನ್ನು ಕಳುಹಿಸಲೇಬೇಕು ಎಂದೂ ಸೇರಿಸಿದ್ದಾನೆ. ನಿಮ್ಮ ಸಾಕ್ಷಿಯೇ ತಿರುಗಿಬಿದ್ದಂತಾಯಿತು.

ಜಾನ್ ಲಾಕ್ ಮಾತ್ರ ನಿಮ್ಮ ಪರವೇ, ಒಪ್ಪುತ್ತೇನೆ. ಆದರೆ 1693ರ ಅವನ ಪುಸ್ತಕ, ಸಿರಿವಂತ ಗೆಳೆಯನೊಬ್ಬನಿಗೆ ಅವನ ಮಗನ ವಿಚಾರವಾಗಿ ಬರೆದ ಕಾಗದಗಳಿಂದ ಬೆಳೆದದ್ದು. ಅಲ್ಲಿಯೂ ಸಂಬಳದ ಗುರು ಇದ್ದಾನೆ.

ಯಾರೂ ಉಲ್ಲೇಖಿಸದ ಒಬ್ಬ ಹಿರಿಯನಿದ್ದಾನೆ, ಕ್ವಿಂಟಿಲಿಯನ್. ಸ್ಪೇನಿನಲ್ಲಿ ಹುಟ್ಟಿ, ರೋಮ್ ನಗರದಲ್ಲಿ 20 ವರ್ಷ ಪಾಠ ಹೇಳಿ, ಸರ್ಕಾರಿ ಸಂಬಳ ಪಡೆದು, ನಿವೃತ್ತನಾದ ಮೇಲೆ ಬರೆಯಲು ಕುಳಿತವನು. (ನಿವೃತ್ತ ಮೇಷ್ಟ್ರುಗಳ ಈ ಚಟ ಹೊಸದಲ್ಲ!) ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ ಬಂದ ಅವನ 12 ಸಂಪುಟಗಳ ಗ್ರಂಥದ ಮೊದಲ ಸಂಪುಟದಲ್ಲಿಯೇ ಈ ಪ್ರಶ್ನೆಯಿದೆ: ಮಗು ಮನೆಯಲ್ಲಿ ಕಲಿಯಬೇಕೋ, ಶಾಲೆಯಲ್ಲೋ? ಶಾಲೆಯಲ್ಲಿ ನಡತೆ ಕೆಡುತ್ತದೆಂಬ ಆಕ್ಷೇಪಣೆ ಆಗಲೂ ಇತ್ತು. ಅವನ ಉತ್ತರ ತಂದೆತಾಯಿಗಳಿಗೆ ಚುರುಕು ಮುಟ್ಟಿಸುವಂಥದು. ಮುದ್ದಿನಿಂದ ಮಕ್ಕಳನ್ನು ಕೆಡಿಸುವವರು ನಾವೇ, ಮನೆಯಲ್ಲಿ ಕಲಿತ ಚಾಳಿಯನ್ನು ಅವರು ಶಾಲೆಗೆ ಒಯ್ಯುತ್ತಾರೆ ಎನ್ನುತ್ತಾನೆ.

ಅದಕ್ಕಿಂತ ಮುಖ್ಯವಾದ ಅವನ ಮಾತು ತರಗತಿಯ ಬಗೆಗಿನದು. ಮನೆಯಲ್ಲಿ ಮಗು ತನಗೆ ಹೇಳಿದ್ದನ್ನು ಮಾತ್ರ ಕಲಿಯುತ್ತದೆ. ಶಾಲೆಯಲ್ಲಿ ಇತರರಿಗೆ ಹೇಳಿದ್ದನ್ನೂ ಕಲಿಯುತ್ತದೆ. ಒಬ್ಬನ ತಪ್ಪು ತಿದ್ದಿದಾಗ, ಇನ್ನೊಬ್ಬನನ್ನು ಮೆಚ್ಚಿದಾಗ ಉಳಿದವರೂ ಕಲಿಯುತ್ತಾರೆ. ಇದು ಎಷ್ಟು ನಿಜವೆಂಬುದು ನನ್ನ ತರಗತಿಯಲ್ಲಿ ಕುಳಿತವರಿಗೆ ಗೊತ್ತು. ಕಪ್ಪುಹಲಗೆಯ ಮುಂದೆ ಒಬ್ಬ ಹುಡುಗ ಬೀಜಗಣಿತದಲ್ಲಿ ಚಿಹ್ನೆ ತಪ್ಪಿ ತಡವರಿಸುತ್ತ ನಿಂತಾಗ, ಬೆಂಚಿನ ಮೇಲಿದ್ದ ನಲವತ್ತು ಮಂದಿ ತಮ್ಮ ತಮ್ಮ ಪುಸ್ತಕದಲ್ಲಿ ಅದೇ ತಪ್ಪನ್ನು ಸದ್ದಿಲ್ಲದೆ ಅಳಿಸುತ್ತಿದ್ದರು. ಊಟದ ಮೇಜಿನಲ್ಲಿ ಒಂಟಿಯಾಗಿ ಕುಳಿತ ಮಗುವಿಗೆ ಅಳಿಸಲು ತನ್ನ ತಪ್ಪೊಂದೇ. ಹೋಲಿಸಿಕೊಳ್ಳಲು ಯಾರೂ ಇಲ್ಲದವನು ತನಗೆ ತಾನೇ ಹೆಚ್ಚಿನ ಬೆಲೆ ಕಟ್ಟಿಕೊಳ್ಳುತ್ತಾನೆಂದೂ ಆತ ಎಚ್ಚರಿಸುತ್ತಾನೆ. ಶಾಲೆಯ ಪರ ವಾದಿಸಿದ ಈತ ಮಕ್ಕಳನ್ನು ಹೊಡೆಯುವುದನ್ನೂ, ಸಂಭಾಳಿಸಲಾಗದಷ್ಟು ಮಕ್ಕಳನ್ನು ತುಂಬಿಕೊಳ್ಳುವುದನ್ನೂ ಒಪ್ಪಲಿಲ್ಲ ಎಂಬುದನ್ನು ನಮ್ಮ ಆಡಳಿತ ಮಂಡಳಿಗಳೂ ಓದಲಿ.

ನಮ್ಮವರನ್ನು ನೋಡಿ. ಶಾಲೆಯೆಂದರೆ ಓಡಿಹೋಗುತ್ತಿದ್ದ, ಮನೆಯಲ್ಲೇ ಬಹಳಷ್ಟು ಕಲಿತ ರವೀಂದ್ರನಾಥ ಟಾಗೋರರು ತಮ್ಮ ಮಗನಿಗಾಗಿ ಏನು ಮಾಡಿದರು? 1901ರಲ್ಲಿ ಶಾಂತಿನಿಕೇತನದಲ್ಲಿ ಐವರು ಮಕ್ಕಳ ಶಾಲೆ ತೆರೆದು, ಅವರಲ್ಲಿ ಒಬ್ಬನಾಗಿ ಅವನನ್ನು ಕೂರಿಸಿದರು. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ಮಾಡಿದ್ದೇ ಬೇರೆ. ಇತರ ಭಾರತೀಯ ಮಕ್ಕಳಿಗೆ ಬಾಗಿಲು ಮುಚ್ಚಿದ್ದ ಬಿಳಿಯರ ಶಾಲೆಗೆ ತಮ್ಮ ಮಕ್ಕಳನ್ನು ಮಾತ್ರ ರಿಯಾಯಿತಿಯ ಮೇಲೆ ಸೇರಿಸಲು ಅವರ ಮನಸ್ಸು ಒಪ್ಪಲಿಲ್ಲ. ಕಾರಣ ಉದಾತ್ತವಾದದ್ದು. ಆದರೂ ಸಾಕಷ್ಟು ಸಮಯ ಕೊಡಲಾಗಲಿಲ್ಲವೆಂದೂ, ಈ ವಿಷಯದಲ್ಲಿ ಮಕ್ಕಳೆಲ್ಲರಿಗೂ ತಮ್ಮ ಮೇಲೆ ದೂರಿದೆಯೆಂದೂ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಹಿರಿಯ ಮಗ ಹರಿಲಾಲ 1911ರಲ್ಲಿ ತಂದೆಯನ್ನು ಬಿಟ್ಟು ಓದಲೆಂದು ಭಾರತಕ್ಕೆ ಹೊರಟುಬಂದ. ಆಗ ಅವನಿಗೆ 20 ದಾಟಿತ್ತು, ಮದುವೆಯೂ ಆಗಿತ್ತು.

ಕ್ವಿಂಟಿಲಿಯನ್ನನ ಆ ಅಧ್ಯಾಯ ಕೆಲವೇ ಪುಟಗಳದ್ದು, ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಹಣವಿಲ್ಲದೆ ಸಿಗುತ್ತದೆ. ಮೊದಲ ಸಂಪುಟ, ಎರಡನೆಯ ಅಧ್ಯಾಯ. ಓದಿ, ಆಮೇಲೆ ನನ್ನೊಡನೆ ಜಗಳಕ್ಕೆ ಬನ್ನಿ. ಬರುವಾಗ ಮಗುವನ್ನೂ ಕರೆತನ್ನಿ, ಬೀದಿಯಲ್ಲಿ ಆಡುವ ಹುಡುಗರು ನಮ್ಮಲ್ಲಿ ಇನ್ನೂ ಇದ್ದಾರೆ.