ಪಹಣಿ ಓದುವುದನ್ನು ಕಲಿಸುವವರು ಯಾರು?

ನೌಕರರ ಸಂಘ ಎಂದೊಡನೆ ನಮಗೆ ನೆನಪಾಗುವುದು ಮನವಿಪತ್ರ, ಧರಣಿ, ವೇತನ ಆಯೋಗ, ಹೊಸ ವರ್ಷದ ಕ್ಯಾಲೆಂಡರ್ ಮತ್ತು ನಿವೃತ್ತರಿಗೆ ಶಾಲು ಹೊದಿಸುವ ಸಮಾರಂಭ. ಸಂಘದ ಸಮುದಾಯ ಸೇವೆ ಎಂದರೆ ರಕ್ತದಾನ ಶಿಬಿರ, ಗಿಡ ನೆಡುವುದು, ಶಾಲಾ ಮಕ್ಕಳಿಗೆ ನೋಟ್‌ಬುಕ್ ಹಂಚುವುದು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಯಾವ ಸಂಘ ಬೇಕಾದರೂ ಇವನ್ನು ಮಾಡಬಹುದು. ತನಗೆ ಮಾತ್ರ ಗೊತ್ತಿರುವ ವಿದ್ಯೆಯನ್ನು ಜನರಿಗೆ ತಿಳಿಸುವುದೇ ಒಂದು ವೃತ್ತಿಯ ಸಂಘ ಮಾಡಬಹುದಾದ ದೊಡ್ಡ ಸೇವೆ, ಮತ್ತು ಆ ಸೇವೆಯಿಂದಲೇ ಸದಸ್ಯರ ವೃತ್ತಿಪರ ಬೆಳವಣಿಗೆಯೂ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಉದಾಹರಣೆಯಾಗಿ ನಮ್ಮ ಹಳ್ಳಿಗಳಿಗೆ ಅತಿ ಹತ್ತಿರದ ಸರ್ಕಾರಿ ಲೆಕ್ಕಿಗರಾದ ಗ್ರಾಮ ಲೆಕ್ಕಾಧಿಕಾರಿಗಳನ್ನು ತೆಗೆದುಕೊಳ್ಳುತ್ತೇನೆ. ಇವರನ್ನು ಈಗ ಗ್ರಾಮ ಆಡಳಿತಾಧಿಕಾರಿ ಎಂದು ಕರೆಯುತ್ತಾರೆ.

ಬೋಧನಾಭ್ಯಾಸದ ಪತ್ರಿಕೆಯಲ್ಲಿ ಕಂದಾಯ ಇಲಾಖೆಯ ವಿಷಯ ಏಕೆ ಎಂದು ಓದುಗರು ಕೇಳಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ನಾವು ಪಾಠ ಮಾಡಲು ಹೋಗುತ್ತೇವೆ. ಅಲ್ಲಿನ ಬಹುಪಾಲು ಮಕ್ಕಳ ಮನೆಯಲ್ಲಿ ಒಂದಿಷ್ಟು ಜಮೀನಿದೆ: ರಾಗಿ, ಹಿಪ್ಪುನೇರಳೆ, ಮಾವು, ತೆಂಗು. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಸ್ಥಳ ಪರಿಶೀಲನೆ ಮಾಡಿ ವರದಿ ಕೊಡುವವರೂ ಇದೇ ಗ್ರಾಮ ಆಡಳಿತಾಧಿಕಾರಿ. ಹಾಗಾಗಿ ನಮ್ಮ ತರಗತಿಗೂ ನಾಡಕಚೇರಿಗೂ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿನ ಸಂಬಂಧವಿದೆ.

ಹುದ್ದೆಯ ಹಿನ್ನೆಲೆ

ಹಳೆಯ ಮೈಸೂರು ಸೀಮೆಯಲ್ಲಿ ಈ ಕೆಲಸ ಶಾನುಭೋಗರದು. ಅದು ತಂದೆಯಿಂದ ಮಗನಿಗೆ ಬರುತ್ತಿದ್ದ ಹುದ್ದೆ. ಊರಿನ ಲೆಕ್ಕದ ಕಡತ ಒಂದು ಮನೆಯಲ್ಲಿರುತ್ತಿತ್ತು, ಅದನ್ನು ಓದುವ ವಿದ್ಯೆಯೂ ಆ ಮನೆಯಲ್ಲೇ ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯ ಹೋಗಿ, ಸಂಬಳ ಪಡೆಯುವ ಗ್ರಾಮ ಲೆಕ್ಕಿಗರು ಬಂದರು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಯ ಜಾಗದಲ್ಲಿ ಕಂಪ್ಯೂಟರ್ ಪಹಣಿ ಬಂತು. ಈಗ ಮೊಬೈಲ್‌ನಲ್ಲೇ ಪಹಣಿ ನೋಡಬಹುದು.

ಪಹಣಿ ಸಿಗುವುದು ಸುಲಭವಾಯಿತು, ಆದರೆ ಓದುವುದು ಸುಲಭವಾಗಲಿಲ್ಲ. ಮೂರನೇ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು, ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಹನ್ನೊಂದನೇ ಕಾಲಂನಲ್ಲಿ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ವಿವರ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ, ‘ಬ’ ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಇಷ್ಟು ತಿಳಿದಿದ್ದರೆ ತಮ್ಮ ಜಮೀನಿನ ಮೇಲೆ ತೀರಿಸಿದ ಸಾಲ ಇನ್ನೂ ನಮೂದಾಗಿದೆಯೇ, ಹೆಸರು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆಯೇ ಎಂಬುದನ್ನು ಮನೆಯವರೇ ನೋಡಿಕೊಳ್ಳಬಹುದು. ತಿಳಿಯದಿದ್ದರೆ ತಾಲ್ಲೂಕು ಕಚೇರಿಯ ಹೊರಗೆ ನಿಂತಿರುವ ಮಧ್ಯವರ್ತಿ ಹೇಳಿದ್ದೇ ವೇದವಾಕ್ಯ.

ನಮ್ಮ ಭಾಗದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ, ಬಿಡದಿ–ಭೈರಮಂಗಲ ಕಡೆ ಉಪನಗರ ಯೋಜನೆ, ಮೈಸೂರು ಹೆದ್ದಾರಿಯ ಇಕ್ಕೆಲಗಳಲ್ಲಿ ಬಡಾವಣೆಗಳು. ಭೂಮಿ ಕೊಡುವುದು ಬಿಡುವುದು ಬೇರೆ ಚರ್ಚೆ. ಆದರೆ ಕೊಡುವವರಿಗೂ ಕೊಡುವುದಿಲ್ಲ ಎನ್ನುವವರಿಗೂ ಕೈಯಲ್ಲಿರುವ ಮೊದಲ ಕಾಗದ ಪಹಣಿ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದ ಕುಟುಂಬ ಮಾತುಕತೆಗೆ ಕೂರುವ ಮೊದಲೇ ಸೋತಿರುತ್ತದೆ.

ಗಣಿತ ತರಗತಿಯಲ್ಲಿ ಕಂಡದ್ದು

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ವಿಸ್ತೀರ್ಣದ ಲೆಕ್ಕಗಳನ್ನು ಅಭ್ಯಾಸ ಮಾಡಿಸುವಾಗ ಒಂದು ಪಹಣಿಯ ಮಾದರಿಯನ್ನು ಕಲಿಕೋಪಕರಣವಾಗಿ ಬಳಸಿದೆ. ಪಠ್ಯದಲ್ಲಿ ಚದರ ಮೀಟರ್, ಹೆಕ್ಟೇರ್. ಮನೆಯಲ್ಲಿ ಎಕರೆ, ಗುಂಟೆ, ಆಣೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1089 ಚದರಡಿ. ಕೊಟ್ಟ ಸಮಸ್ಯೆ ಇದು: 3 ಎಕರೆ 20 ಗುಂಟೆ ಜಮೀನನ್ನು ನಾಲ್ವರು ಮಕ್ಕಳು ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು?

ತರಗತಿಯ ಅರ್ಧದಷ್ಟು ಮಕ್ಕಳು 3-20 ಎಂಬುದನ್ನು 3.20 ಎಂದು ಬರೆದು ನಾಲ್ಕರಿಂದ ಭಾಗಿಸಿ 0.80 ಎಕರೆ, ಅಂದರೆ 32 ಗುಂಟೆ ಎಂದರು. 3 ಎಕರೆ 20 ಗುಂಟೆ ಎಂದರೆ ಮೂರೂವರೆ ಎಕರೆ, ಒಟ್ಟು 140 ಗುಂಟೆ. ಒಬ್ಬರಿಗೆ 35 ಗುಂಟೆ. ದಶಮಾಂಶ ಚುಕ್ಕೆಯ ಗೊಂದಲದಿಂದ ಒಬ್ಬೊಬ್ಬರಿಗೆ ಮೂರು ಗುಂಟೆ ಕಡಿಮೆಯಾಯಿತು. ಮೂರು ಗುಂಟೆ ಎಂದರೆ 3267 ಚದರಡಿ. 30×40 ಅಳತೆಯ ಎರಡು ನಿವೇಶನಗಳಿಗಿಂತ ಹೆಚ್ಚು. ಹೀಗೆ ಹೇಳಿದ ಮೇಲೆ ಹಿಂದಿನ ಬೆಂಚಿನವರೂ ಪೆನ್ನು ಕೈಗೆತ್ತಿಕೊಂಡರು. ನಂತರ ನಾಲ್ಕು ಗುಂಟೆ ಖರಾಬು ಇದ್ದರೆ ಏನಾಗುತ್ತದೆ ಎಂದು ಕೇಳಿದಾಗ 136ನ್ನು ಭಾಗಿಸಿ 34 ಎಂದು ಅವರೇ ಹೇಳಿದರು. ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳಾದರೆ ಲೆಕ್ಕ ಬದಲಾಗುತ್ತದೆಯೇ ಎಂಬ ಪ್ರಶ್ನೆ ತರಗತಿಯಿಂದಲೇ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬುದು ಕರ್ನಾಟಕದಲ್ಲಿ 1994ರಲ್ಲೂ ಇಡೀ ದೇಶದಲ್ಲಿ 2005ರಲ್ಲೂ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಂದ ತಿದ್ದುಪಡಿಗಳಿಂದ ಬಂದ ಹಕ್ಕು. ಗಣಿತದ ಉತ್ತರ ಬದಲಾಗುವುದಿಲ್ಲ ಎಂಬುದೇ ಅಲ್ಲಿ ಸಮಾಜ ವಿಜ್ಞಾನದ ಪಾಠವಾಯಿತು.

ಆದರೆ ಮಕ್ಕಳು ಮುಂದೆ ಕೇಳಿದ ಪ್ರಶ್ನೆಗಳು ಗಣಿತ ಶಿಕ್ಷಕರು ಉತ್ತರಿಸುವಂಥವಲ್ಲ: ಪೌತಿ ಖಾತೆ ಮಾಡಿಸಲು ಏನೇನು ಬೇಕು? ಪೋಡಿ ಆಗದಿದ್ದರೆ ಮಾರಬಹುದೇ? ನಮ್ಮ ಪಹಣಿಯಲ್ಲಿ ಒಟ್ಟಿಗೆ ಆರು ಹೆಸರು ಏಕಿದೆ? ಇವಕ್ಕೆ ಅಧಿಕಾರದಿಂದ ಉತ್ತರಿಸಬಲ್ಲವರು ಆ ವೃತ್ತದ ಗ್ರಾಮ ಆಡಳಿತಾಧಿಕಾರಿ. ಅವರು ಒಂದು ಗಂಟೆ ಶಾಲೆಗೆ ಬಂದಿದ್ದರೆ ಆ ಪಾಠ ಪೂರ್ಣವಾಗುತ್ತಿತ್ತು.

ಸಂಘದ ಬೇಡಿಕೆಯ ಇನ್ನೊಂದು ಮುಖ

ಅವರಿಗೆ ಸಮಯವೆಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ತಮ್ಮ ಸಂಘದ ನೇತೃತ್ವದಲ್ಲಿ ಮುಷ್ಕರ ಹೂಡಿದರು. 2025ರ ಫೆಬ್ರವರಿಯಲ್ಲಿ ಎರಡನೇ ಹಂತದ ಹೋರಾಟ ನಡೆಯಿತು. ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಮೀನಿನ ಗಸ್ತಿಗೆ ‘ಲ್ಯಾಂಡ್ ಬೀಟ್’, ಬಗರ್ ಹುಕುಂ ಅರ್ಜಿ, ಪೌತಿ ಆಂದೋಲನ ಎಂದು ಹತ್ತಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕು. ಅದಕ್ಕೆ ತಕ್ಕ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್, ಕೂರಲು ಸರಿಯಾದ ಕಚೇರಿ ಇಲ್ಲ ಎಂಬುದು ಅವರ ಅಳಲು. ಬಡ್ತಿ, ವರ್ಗಾವಣೆ, ರಜಾದಿನದ ಕೆಲಸದ ಬೇಡಿಕೆಗಳೂ ಇದ್ದವು.

ಈ ಹೋರಾಟವನ್ನು ಸೌಲಭ್ಯದ ಬೇಡಿಕೆ ಎಂದಷ್ಟೇ ನೋಡಿದರೆ ಒಂದು ಮುಖ್ಯ ಅಂಶ ತಪ್ಪಿಹೋಗುತ್ತದೆ. ತಂತ್ರಾಂಶ ಬದಲಾದಷ್ಟು ಬೇಗ ಅದನ್ನು ಬಳಸುವವರ ಕಲಿಕೆಗೆ ಸಮಯ ಸಿಗುವುದಿಲ್ಲ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಮತ್ತು ಜಿಲ್ಲಾ ತರಬೇತಿ ಸಂಸ್ಥೆಗಳಿವೆ ನಿಜ. ಆದರೆ ತರಬೇತಿ ಮುಗಿಸಿ ವೃತ್ತಕ್ಕೆ ಬಂದವರ ದಿನನಿತ್ಯದ ಗೊಂದಲ ಬಿಡಿಸಲು ಜೊತೆಯ ಅನುಭವಿಗಳೇ ಬೇಕು. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 1000 ಹುದ್ದೆಗಳಿಗೆ ಪರೀಕ್ಷೆ ನಡೆಸಿತು. ಪಿಯುಸಿ ಅರ್ಹತೆಯ ಆ ಪರೀಕ್ಷೆಯನ್ನು ಬಿ.ಎಸ್ಸಿ ಮುಗಿಸಿದ ನನ್ನ ಸ್ನೇಹಿತರು ಅನೇಕರು ಬರೆದರು. ಆ ಹೊಸಬರಿಗೆ ಹಿರಿಯರ ಅನುಭವವನ್ನು ದಾಟಿಸುವುದು ಆದೇಶದಿಂದ ಆಗುವ ಕೆಲಸವಲ್ಲ. ಅದು ಸಂಘದ ಕೆಲಸ.

ಬೇರೆಡೆ ಇದಕ್ಕೆ ಮಾದರಿಗಳಿವೆ. ಅಮೆರಿಕದಲ್ಲಿ ಸರ್ಕಾರಿ ಲೆಕ್ಕಿಗರ ಸಂಘವೊಂದು 1950ರಲ್ಲಿ ಹುಟ್ಟಿತು. ಅದು ನೀಡುವ ವೃತ್ತಿ ಪ್ರಮಾಣಪತ್ರ ಉಳಿಸಿಕೊಳ್ಳಲು ಸದಸ್ಯರು ಎರಡು ವರ್ಷಕ್ಕೆ 80 ಗಂಟೆಗಳ ಕಲಿಕೆಯನ್ನು ಪೂರೈಸಬೇಕು. ಅದರ ಸ್ಥಳೀಯ ಶಾಖೆಗಳು ತರಬೇತಿಯ ಜೊತೆಗೆ ಊರಿನ ಸೇವೆಯನ್ನೂ ತಮ್ಮ ಕಾರ್ಯಕ್ರಮಪಟ್ಟಿಯಲ್ಲಿ ಇಟ್ಟುಕೊಂಡಿರುತ್ತವೆ. ಅವರ ಹುದ್ದೆ, ಸಂಬಳ, ಸವಲತ್ತು ನಮ್ಮವರಿಗೆ ಹೋಲಿಸುವಂಥದ್ದಲ್ಲ. ಆದರೂ ‘ಕಲಿಯುವುದು ಸದಸ್ಯತ್ವದ ಭಾಗ’ ಎಂಬ ಒಂದು ನಿಯಮವನ್ನು ನಾವು ತೆಗೆದುಕೊಳ್ಳಬಹುದು.

ನಾಲ್ಕು ತಾಲ್ಲೂಕುಗಳಲ್ಲಿ ಏನು ಮಾಡಬಹುದು?

ಮೊದಲನೆಯದು, ತಾಲ್ಲೂಕು ಮಟ್ಟದಲ್ಲಿ ತಿಂಗಳಿಗೊಮ್ಮೆ ಸದಸ್ಯರ ಅಧ್ಯಯನ ಕೂಟ. ಮೇಲಧಿಕಾರಿಯ ಪ್ರಗತಿ ಪರಿಶೀಲನಾ ಸಭೆಯಲ್ಲಿ ‘ಎಷ್ಟಾಯಿತು?’ ಎಂಬ ಪ್ರಶ್ನೆ ಇರುತ್ತದೆ. ಕೂಟದಲ್ಲಿ ‘ಹೇಗೆ ಮಾಡಿದಿರಿ?’ ಎಂಬ ಪ್ರಶ್ನೆ ಇರಬೇಕು. ನಮ್ಮ ಪಾಠ ವೀಕ್ಷಣೆಯ ನಂತರದ ಚರ್ಚೆ ಇದ್ದಂತೆ.

ಎರಡನೆಯದು, ವರ್ಷಕ್ಕೆ ಒಂದು ಬಾರಿ ವೃತ್ತದ ಪ್ರೌಢಶಾಲೆಯಲ್ಲಿ ‘ಪಹಣಿ ಓದು’ ಎಂಬ ಎರಡು ಗಂಟೆಯ ಕಾರ್ಯಕ್ರಮ. ಮಕ್ಕಳೊಂದಿಗೆ ಪೋಷಕರೂ ಬರಲಿ. ಜೂನ್‌ನಲ್ಲಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಮುಂದೆ ಸಾಲು ಬೆಳೆಯುವ ಮೊದಲೇ ಇದು ನಡೆದರೆ, ಆ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕಿಲ್ಲ ಎಂಬಷ್ಟು ತಿಳಿದರೂ ಅಧಿಕಾರಿಯ ಮೇಜಿನ ಮೇಲಿನ ಅರ್ಜಿಗಳ ರಾಶಿ ಇಳಿಯುತ್ತದೆ. ಅಂದರೆ ಈ ಸೇವೆ ಹೊರೆಯ ಮೇಲೆ ಇನ್ನೊಂದು ಹೊರೆಯಲ್ಲ. ಕಲಿಸುವವರಿಗೂ ಲಾಭವಿದೆ. ಹದಿನಾಲ್ಕು ವರ್ಷದ ಹುಡುಗಿಗೆ ಅರ್ಥವಾಗುವಂತೆ ‘ಬ’ ಖರಾಬನ್ನು ವಿವರಿಸಲು ಹೊರಟವರಿಗೆ ತಮ್ಮ ನಿಯಮಾವಳಿಯನ್ನು ಮತ್ತೊಮ್ಮೆ ತೆರೆದು ನೋಡಬೇಕಾಗುತ್ತದೆ. ಪಾಠಯೋಜನೆ ಬರೆದ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಈ ಸತ್ಯ ಗೊತ್ತಿದೆ.

ಮೂರನೆಯದು, ನಂಬಿಕೆಯ ವಿಷಯ. ಕಂದಾಯ ಇಲಾಖೆಯ ಸಿಬ್ಬಂದಿ ಲಂಚ ಪಡೆಯುವಾಗ ಲೋಕಾಯುಕ್ತರ ಬಲೆಗೆ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕೆಲವರ ತಪ್ಪಿನಿಂದ ಎಲ್ಲರ ಹೆಸರು ಕೆಡುತ್ತದೆ ಎಂದು ಪ್ರಾಮಾಣಿಕರು ನೊಂದುಕೊಳ್ಳುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಶುಲ್ಕ, ಎಷ್ಟು ದಿನ, ಯಾವ ದಾಖಲೆ ಎಂಬುದನ್ನು ಸಂಘವೇ ಊರಿನ ಮುಂದೆ ನಿಂತು ಹೇಳಿದರೆ ಲಂಚ ಕೇಳುವವರಿಗೆ ಕೇಳುವುದು ಕಷ್ಟವಾಗುತ್ತದೆ. ಗುಟ್ಟಾಗಿರುವ ಲೆಕ್ಕಕ್ಕೆ ಬೆಲೆ ಕಟ್ಟಬಹುದು, ಎಲ್ಲರಿಗೂ ಗೊತ್ತಿರುವ ಲೆಕ್ಕಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಇದನ್ನು ಸರ್ಕಾರ ಸುತ್ತೋಲೆಯ ಮೂಲಕ ಹೇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೇರಿದರೆ ಫೋಟೊ ತೆಗೆದು ಅಪ್‌ಲೋಡ್ ಮಾಡುವ ಇನ್ನೊಂದು ಆ್ಯಪ್ ಬರುತ್ತದೆ, ಕಾರ್ಯಕ್ರಮ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬಂತಾಗುತ್ತದೆ. ಸಂಘವೇ ಒಪ್ಪಿ, ತಾಲ್ಲೂಕಿಗೆ ಒಂದೆರಡು ಶಾಲೆಗಳಿಂದ ಶುರು ಮಾಡಲಿ. ಜನರ ನಡುವೆ ಹೀಗೆ ಕೆಲಸ ಮಾಡಿದ ಸಂಘ ನಾಳೆ ಲ್ಯಾಪ್‌ಟಾಪ್ ಕೇಳಿ ಧರಣಿ ಕೂತರೆ ಊರಿನವರೂ ಬಂದು ಪಕ್ಕದಲ್ಲಿ ಕೂರುತ್ತಾರೆ.

ನಮ್ಮ ಪಾಲಿನ ಕೆಲಸ

ಬೇರೆಯವರ ಸಂಘಕ್ಕೆ ಸಲಹೆ ಕೊಡುವುದು ಸುಲಭ. ಇದೇ ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಆ ಗಂಟೆಗಳನ್ನು ಆನ್‌ಲೈನ್ ವಿಡಿಯೊ ನೋಡಿ ಪ್ರಮಾಣಪತ್ರ ಇಳಿಸಿಕೊಳ್ಳುವುದರಲ್ಲೇ ಕಳೆಯಬೇಕೇ? ಗಣಿತ ಶಿಕ್ಷಕರು ಒಂದು ದಿನ ಗ್ರಾಮ ಆಡಳಿತಾಧಿಕಾರಿಯ ಜೊತೆ ಜಮೀನಿಗೆ ಹೋಗಿ ಬಂದರೆ, ವಿಜ್ಞಾನ ಶಿಕ್ಷಕರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅರ್ಧ ದಿನ ಕಳೆದರೆ ಅದೂ ವೃತ್ತಿಪರ ಕಲಿಕೆಯೇ.

ನಮ್ಮ ಬಿ.ಎಡ್ ಕೋರ್ಸಿನ ಪೌರತ್ವ ತರಬೇತಿ ಶಿಬಿರದಲ್ಲಿ ಶ್ರಮದಾನ, ಜಾಥಾ, ಬೀದಿ ನಾಟಕ, ಸಾಂಸ್ಕೃತಿಕ ಕಾರ್ಯಕ್ರಮಗಳಿರುತ್ತವೆ. ನಾವು ಗುಡಿಸಿದ ಬೀದಿ ಮರುವಾರಕ್ಕೆ ಮೊದಲಿನಂತಾಗುತ್ತದೆ. ಶಿಬಿರದ ಒಂದು ದಿನವನ್ನು ಪಹಣಿ ಓದುವುದಕ್ಕೆ ಮೀಸಲಿಟ್ಟು, ಆ ವೃತ್ತದ ಅಧಿಕಾರಿಯನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆದು, ಪ್ರಶಿಕ್ಷಣಾರ್ಥಿಗಳು ಮನೆಗೊಬ್ಬರಂತೆ ಕುಳಿತು ವಿವರಿಸಿದರೆ ಆ ತಿಳಿವಳಿಕೆ ಊರಿನಲ್ಲೇ ಉಳಿಯುತ್ತದೆ. ಇಲ್ಲಿ ಒಂದು ಎಚ್ಚರ ಬೇಕು: ಮನೆಯವರ ದಾಖಲೆಯ ಪ್ರತಿಯನ್ನು ನಾವು ಇಟ್ಟುಕೊಳ್ಳಬಾರದು, ಫೋಟೊ ತೆಗೆಯಬಾರದು, ದಾಯಾದಿಗಳ ವ್ಯಾಜ್ಯದಲ್ಲಿ ತೀರ್ಪು ಹೇಳಬಾರದು. ಓದಲು ಕಲಿಸುವುದಷ್ಟೇ ನಮ್ಮ ಕೆಲಸ.

ಪ್ರಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಶಿಬಿರದ ವೇಳಾಪಟ್ಟಿ ಸಿದ್ಧಪಡಿಸುವಾಗ ತಾಲ್ಲೂಕಿನ ಗ್ರಾಮ ಆಡಳಿತಾಧಿಕಾರಿಗಳ ಸಂಘಕ್ಕೆ ಒಂದು ಪತ್ರ ಬರೆಯೋಣ. ಅವರು ಲೆಕ್ಕ ಬಲ್ಲವರು, ನಾವು ಕಲಿಸುವುದನ್ನು ಅಭ್ಯಾಸ ಮಾಡುತ್ತಿರುವವರು. ಈ ಎರಡು ಸೇರಬೇಕಾದ ಜಾಗ ಕನಕಪುರದ ಅಥವಾ ಮಾಗಡಿಯ ಯಾವುದೋ ಪ್ರೌಢಶಾಲೆಯ ಒಂದು ಕೊಠಡಿ. ಕರಿಹಲಗೆಯ ಮೇಲೆ ಪಹಣಿಯ ಕಾಲಂಗಳನ್ನು ಬರೆಯಲು ಸೀಮೆಸುಣ್ಣ ಅಲ್ಲಿ ಈಗಾಗಲೇ ಇದೆ.