ರಾಹುಕಾಲದ ಜೊತೆ ಕೂಲೆಂಟೂ ನೋಡುವ

ಎಲ್ಲೂರಿಂದ ಬೆಂಗಳೂರಿಗೆ ಕಾರಲ್ಲಿ ಹೊರಡುದೆಂದ್ರೆ ನಮ್ಮನೆಯಲ್ಲಿ ಹಿಂದಿನ ದಿನವೇ ಗಡಿಬಿಡಿ. ಅತ್ತೆ ರಾಹುಕಾಲ ನೋಡಿ ಆಯ್ತು, ನಾನು ಬುತ್ತಿ ಕಟ್ಟಿ ಆಯ್ತು, ವಿಶ್ವೇಶ್ವರ ದೇವರಿಗೆ ಕೈಮುಗಿದೂ ಆಯ್ತು. ಬಾನೆಟ್ ಎತ್ತಿ ನೋಡಿದವರು ಮಾತ್ರ ಯಾರೂ ಇಲ್ಲ.

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಹೀಟಿನ ಮುಳ್ಳು ಮೇಲೆ ಹೋಯ್ತು. ನಾನು ನೋಡಿದ್ದೆ. ‘ನಂಗೆಂತ ಗೊತ್ತುಂಟು’ ಅಂತ ಸುಮ್ಮನಿದ್ದೆ. ತಪ್ಪಾದದ್ದು ಅಲ್ಲೇ. ಹಬೆ ಎದ್ದ ಮೇಲೆ ನಿಲ್ಲಿಸಿದ್ದು. ಇವರು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವಾಗ ಲಾರಿ ಡ್ರೈವರೊಬ್ಬರು ಓಡಿ ಬಂದು ತಡೆದ್ರು. ಪ್ರೆಶರ್ ಇಳಿಯದೆ ಕುಕ್ಕರ್ ತೆಗಿತೇವಾ ನಾವು? ಇದೂ ಹಾಗೇ, ಕುದಿಯುವ ನೀರು ಮುಖಕ್ಕೇ ಹಾರ್ತದೆ.

ಹೋಸ್ ಒಡೆದಿತ್ತಂತೆ. ಸಕಲೇಶಪುರದಿಂದ ಗಾಡಿ ಬಂದು ಎಳೆದುಕೊಂಡು ಹೋಗುವಾಗ ಕತ್ತಲೆ. ಅಷ್ಟು ಹೊತ್ತು ಮಗಳನ್ನು ಕಾರೊಳಗೇ ಕೂರಿಸಿದ್ದೆ. ಪಕ್ಕದಲ್ಲೇ ಟ್ಯಾಂಕರುಗಳು ಸುಯ್ಯಂತ ಹೋಗ್ತಿದ್ವು. ಇಳಿದು ರಸ್ತೆಯಿಂದ ದೂರ ನಿಲ್ಬೇಕಿತ್ತು. ಈಗ ನೆನೆಸಿದ್ರೂ ಎದೆ ಡವಡವ.

ಅಕ್ಕಂದಿರೇ, ಕಾರು ಗಂಡಸರ ಬಾಬತ್ತು ಅಂತ ಬಿಡ್ಬೇಡಿ. ಒಳಗೆ ಕೂರುದು ನಮ್ಮ ಮಕ್ಕಳೂ ಅಲ್ವಾ? ಹೊರಡುವ ಮುಂಚೆ, ಇಂಜಿನ್ ತಣ್ಣಗಿರುವಾಗ, ಕೂಲೆಂಟ್ ಮತ್ತೆ ಸ್ಟೆಪ್ನಿಯ ಗಾಳಿ ನೋಡಿ. ಮುಳ್ಳು ಮೇಲೆ ಹೋದ್ರೆ ‘ನಿಲ್ಸಿ’ ಅಂತ ಬಾಯಿಬಿಟ್ಟು ಹೇಳಿ. ರಾಷ್ಟ್ರೀಯ ಹೆದ್ದಾರಿಗೆ 1033, ಅಪಾಯ ಅನ್ನಿಸಿದ್ರೆ 112, ಎರಡೂ ಫೋನಲ್ಲಿರಲಿ. ಬುತ್ತಿ ಜೊತೆ ಒಂದು ಟಾರ್ಚು, ಎರಡು ಬಾಟ್ಲಿ ನೀರು ಜಾಸ್ತಿ.

ರಾಹುಕಾಲ ನೋಡುದು ಬೇಡ ಅಂತ ನಾನು ಹೇಳುದಿಲ್ಲ. ಬಾನೆಟ್ ಎತ್ತಿ ನೋಡಿದ ಮೇಲೆ ಅದನ್ನೂ ನೋಡುವ.